ನಕ್ಷೆಯ ಬಣ್ಣವೂ ನಿಜವನ್ನು ನುಡಿಯಲಿ

ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ ಮುಂಗಾರಿನ ಮೋಡವನ್ನು ನಿರೀಕ್ಷಿಸುತ್ತ ಬಿತ್ತನೆಗೆ ಕಾದಿರುವ ಕೃಷಿಕನಿಗೆ ಮಳೆನಕ್ಷೆಯ ವರ್ಣವು ಅಲಂಕಾರವಲ್ಲ, ಅವನ ಕಷ್ಟದ ಸಾಕ್ಷ್ಯ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ವಾಡಿಕೆಗಿಂತ ಶೇ. 19ರಷ್ಟು ಕಡಿಮೆ ಮಳೆ ಬಿದ್ದ ನೆಲ ಹಸಿರು, ಶೇ. 20ರಷ್ಟು ಕಡಿಮೆಯಾದುದು ಕೆಂಪು, ಆದರೆ ಶೇ. 59ರ ಕೊರತೆಗೂ ಅದೇ ಕೆಂಪು! ಅಲ್ಪ ಭೇದವನ್ನು ಕಂದರವಾಗಿಸಿ ಮಹಾಭೇದವನ್ನು ಮರೆಮಾಡುವ ಈ ಕ್ರಮಕ್ಕೆ ಬದಲಾಗಿ, ವಾಡಿಕೆಯನ್ನು ಬಿಳುಪಾಗಿರಿಸಿ, ಕೊರತೆಯತ್ತ ಕಂದಾಗಿಯೂ ಹೆಚ್ಚಳದತ್ತ ನೀಲಿಯಾಗಿಯೂ ಕ್ರಮೇಣ ಗಾಢವಾಗುವ ಅವಿಚ್ಛಿನ್ನ ವರ್ಣಶ್ರೇಣಿಯನ್ನು ಬಳಸುವುದು ಯುಕ್ತ. ಸಂಖ್ಯಾಶಾಸ್ತ್ರಜ್ಞರ ‘ಆರ್’ ಭಾಷೆಯಲ್ಲಿ, ಜಿಜಿಪ್ಲಾಟ್2 ಎಂಬ ಚಿತ್ರರಚನೆಯ ಪ್ಯಾಕೇಜ್ ಇದ್ದರೆ, ಇದಕ್ಕೆ ಒಂದು ಸಾಲಿನ ಆದೇಶ ಸಾಕು. ಬರ ಪರಿಹಾರ ನಿರ್ಧರಿಸಲು ವರ್ಗಗಳು ಬೇಕು, ನಿಜ. ಆದರೆ ಜನರ ಕಣ್ಣಿಗೆ ಕಾಣುವ ನಕ್ಷೆಯಾದರೂ, ಮಳೆಯಂತೆಯೇ, ಗೆರೆಯಿಲ್ಲದೆ ಹರಡಲಿ.