ಹೆಣ್ಣುಮಕ್ಕಳಿಗೆ ಗಣಿತ ಕಷ್ಟವೇ? ಗರ್ಲ್ಸ್ ಸ್ಕೂಲಿಗೆ ಸೇರಿಸಿದರೆ ಸರಿಹೋಗುತ್ತದೆಯೇ?

ಶಾಲಾ ಅಡ್ಮಿಷನ್ ಸಮಯದಲ್ಲಿ ಎರಡು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು: ಹೆಣ್ಣುಮಕ್ಕಳ ತಲೆಗೆ ಲೆಕ್ಕ ಹತ್ತುವುದು ಕಡಿಮೆ. ಇನ್ನೊಂದು: ಹುಡುಗರಿಲ್ಲದ ಶಾಲೆಗೆ ಹಾಕಿದರೆ ಅವರು ಲೆಕ್ಕದಲ್ಲಿ ಮುಂದೆ ಬರುತ್ತಾರೆ. ಇವನ್ನು ಫಾರ್ವರ್ಡ್ ಮಾಡುವ ಮುನ್ನ ಸಂಶೋಧನೆಗಳು ಏನು ಹೇಳುತ್ತವೆ ಎಂದು ನೋಡೋಣ.

ಹುಟ್ಟಿನಿಂದಲೇ ವ್ಯತ್ಯಾಸವಿದೆಯೇ?

ಅದಕ್ಕೆ ಆಧಾರ ಸಿಕ್ಕಿಲ್ಲ. 2018ರಲ್ಲಿ ಅಮೆರಿಕದ ಸಂಶೋಧಕರು 6 ತಿಂಗಳಿಂದ 8 ವರ್ಷದವರೆಗಿನ 500ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದರು. ಪ್ರಮಾಣದ ವ್ಯತ್ಯಾಸ ಗುರುತಿಸುವುದು, ಎಣಿಸುವುದು, ಆರಂಭದ ಗಣಿತ ಕಲಿಕೆ, ಈ ಮೂರರಲ್ಲೂ ಹುಡುಗ ಹುಡುಗಿಯರು ಸಮಾನರಾಗಿದ್ದರು. 2019ರಲ್ಲಿ 104 ಮಕ್ಕಳು ಗಣಿತದ ವಿಡಿಯೋ ನೋಡುವಾಗ ಮೆದುಳಿನ ಸ್ಕ್ಯಾನ್ ಮಾಡಲಾಯಿತು. ಅಲ್ಲಿಯೂ ಎರಡೂ ಗುಂಪುಗಳ ಮೆದುಳು ಒಂದೇ ರೀತಿ ಕೆಲಸ ಮಾಡುತ್ತಿತ್ತು.

ಹಾಗಾದರೆ ಅಂತರ ಎಲ್ಲಿಂದ ಬರುತ್ತದೆ?

ಫ್ರಾನ್ಸ್‌ನಲ್ಲಿ 2018ರಿಂದ 2021ರವರೆಗೆ ಒಂದನೇ ತರಗತಿ ಸೇರಿದ 26 ಲಕ್ಷಕ್ಕೂ ಹೆಚ್ಚು ಮಕ್ಕಳ ಪರೀಕ್ಷೆಗಳನ್ನು ವಿಶ್ಲೇಷಿಸಿದ ಅಧ್ಯಯನ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಶಾಲೆಗೆ ಸೇರಿದಾಗ ಸರಾಸರಿ ಅಂತರ ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕೇ ತಿಂಗಳಲ್ಲಿ ಹುಡುಗರು ತುಸು ಮುಂದೆ ಹೋದರು; ವರ್ಷ ಕಳೆಯುವಷ್ಟರಲ್ಲಿ ಅಂತರ ಇನ್ನೂ ಹಿಗ್ಗಿತು. ಈ ಬದಲಾವಣೆ ಮಗುವಿನ ವಯಸ್ಸಿಗಿಂತ ಶಾಲೆಯಲ್ಲಿ ಕಳೆದ ಸಮಯಕ್ಕೆ ಹೊಂದಿಕೊಂಡಿತ್ತು.

ಶಾಲೆಯಲ್ಲಿ ಆಗುವುದೇನು? 2010ರ ಅಮೆರಿಕದ ಅಧ್ಯಯನ ಒಂದು ಸುಳಿವು ಕೊಡುತ್ತದೆ. ಗಣಿತವೆಂದರೆ ತಾವೇ ಹೆದರುತ್ತಿದ್ದ ಶಿಕ್ಷಕಿಯರ ತರಗತಿಗಳಲ್ಲಿ, ವರ್ಷದ ಕೊನೆಗೆ 'ಲೆಕ್ಕ ಹುಡುಗರದ್ದು' ಎಂಬ ನಂಬಿಕೆ ಹೆಚ್ಚು ಹುಡುಗಿಯರಲ್ಲಿ ಕಂಡಿತು. ಹಾಗೆ ನಂಬಿದವರ ಅಂಕವೂ ಕಡಿಮೆಯಿತ್ತು. ಹುಡುಗರ ಮೇಲೆ ಅಂಥ ಪರಿಣಾಮ ಕಾಣಲಿಲ್ಲ.

ಗರ್ಲ್ಸ್ ಸ್ಕೂಲ್ ಪರಿಹಾರವೇ?

2014ರಲ್ಲಿ 21 ದೇಶಗಳ 16 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ 184 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಲಾಯಿತು. ಮೇಲ್ನೋಟಕ್ಕೆ ಪ್ರತ್ಯೇಕ ಶಾಲೆಗಳಿಗೆ ಕೆಲವೆಡೆ ಸ್ವಲ್ಪ ಲಾಭ ಕಂಡಿತು. ಆದರೆ ಅಂಥ ಶಾಲೆಗಳಿಗೆ ಹಲವೆಡೆ ಆಯ್ದ ಮಕ್ಕಳು, ಅನುಕೂಲಸ್ಥರ ಮಕ್ಕಳು ಸೇರುತ್ತಾರೆ. ಇಂಥ ವ್ಯತ್ಯಾಸಗಳನ್ನು ಸರಿದೂಗಿಸಿ ನೋಡಿದ ಅಧ್ಯಯನಗಳಲ್ಲಿ ಲಾಭ ಬಹುತೇಕ ಕರಗಿಹೋಯಿತು. ಲಾಟರಿ ಮೂಲಕ ಶಾಲೆ ಹಂಚುವ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಪ್ರತ್ಯೇಕ ಶಾಲೆಯವರಿಗೆ ಹೆಚ್ಚು ಅಂಕ ಬಂದದ್ದುಂಟು. ಆದರೆ ಅದು ಹದಿಹರೆಯದವರ ವಿಷಯ, ಆಗಷ್ಟೇ ಎಣಿಸಲು ಕಲಿಯುತ್ತಿರುವ ಮಕ್ಕಳದ್ದಲ್ಲ. ಅಲ್ಲದೆ, ಲೆಕ್ಕಕ್ಕೆ ಹೆದರುವ ಟೀಚರ್ ಗರ್ಲ್ಸ್ ಸ್ಕೂಲಿನಲ್ಲೂ ಇರಬಹುದು!

ನಾವು ಏನು ಮಾಡಬಹುದು?

ಒಂದರಿಂದ ಇಪ್ಪತ್ತು ಬಾಯಿಪಾಠ ಹೇಳುವುದೇ ಸಂಖ್ಯಾಜ್ಞಾನವಲ್ಲ. "ನಾಲ್ಕು ಚಮಚ ಕೊಡು ಪುಟ್ಟಿ" ಎಂದಾಗ ಸರಿಯಾಗಿ ನಾಲ್ಕೇ ಕೊಟ್ಟರೆ ಮಗುವಿಗೆ 'ನಾಲ್ಕು' ಅರ್ಥವಾಗಿದೆ. ಸಂಖ್ಯೆಗಳನ್ನು ಸಾಲಾಗಿ ಬರೆದ ಮನೆಗಳಲ್ಲಿ ಕಾಯಿ ನಡೆಸುವ ಆಟವನ್ನು 15 ನಿಮಿಷದಂತೆ ನಾಲ್ಕು ಬಾರಿ ಆಡಿದ ಬಡ ಕುಟುಂಬಗಳ ಪುಟ್ಟ ಮಕ್ಕಳ ಸಂಖ್ಯಾಜ್ಞಾನ ಸುಧಾರಿಸಿದ್ದನ್ನು 2008ರ ಅಧ್ಯಯನವೊಂದು ತೋರಿಸಿದೆ. ಹಾಗಾಗಿ ಆಟಕ್ಕೆ ಮಗಳನ್ನೂ ಕೂರಿಸಿಕೊಳ್ಳಿ. ಅವಳೆದುರು "ನನಗೂ ಲೆಕ್ಕ ಬರ್ತಿರಲಿಲ್ಲ ಬಿಡು" ಎನ್ನಬೇಡಿ. ಶಾಲೆ ಆರಿಸುವಾಗ, ಅಲ್ಲಿ ಹುಡುಗರಿದ್ದಾರೆಯೇ ಎನ್ನುವುದಕ್ಕಿಂತ, ಲೆಕ್ಕ ಹೇಗೆ ಕಲಿಸುತ್ತಾರೆ, ಹುಡುಗಿಯರನ್ನೂ ಬೋರ್ಡಿನ ಹತ್ತಿರ ಕರೆಯುತ್ತಾರೆಯೇ ಎಂದು ಕೇಳಿ.

ತೀರ್ಮಾನ: ಮೊದಲ ಮಾತು ತಪ್ಪು. ಎರಡನೆಯದಕ್ಕೆ, ಪುಟ್ಟ ಮಕ್ಕಳ ಮಟ್ಟಿಗೆ, ಗಟ್ಟಿ ಆಧಾರವಿಲ್ಲ.