ಆಸ್ಪತ್ರೆ ಹಾಸಿಗೆಗೆ ವಿಮೆ ಇದೆ, ದಿನದ ಮಾತ್ರೆಗೆ?

ಮೈಸೂರಿಗೆ ‘ಪಿಂಚಣಿದಾರರ ಸ್ವರ್ಗ’ ಎಂಬ ಹೆಸರು ಹಳೆಯದು. ರೈಲ್ವೆ, ಬ್ಯಾಂಕು, ಶಾಲಾ ಕಾಲೇಜು, ಕಾರ್ಖಾನೆಗಳಲ್ಲಿ ದುಡಿದವರು ಸರಸ್ವತಿಪುರಂ, ಕುವೆಂಪುನಗರ, ಯಾದವಗಿರಿಯಂಥ ಬಡಾವಣೆಗಳಲ್ಲಿ ನೆಮ್ಮದಿ ಅರಸಿ ನೆಲೆಸಿದ್ದಾರೆ. ಆರೋಗ್ಯ ವಿಮೆಯ ಮಾತು ಬಂದರೆ ಇವರು ಮೊದಲು ಕೇಳುವುದು ‘ಎಷ್ಟು ಲಕ್ಷದ ಪಾಲಿಸಿ?’ ಎಂದು. ಅದಕ್ಕೂ ಮೊದಲು ಕೇಳಬೇಕಾದ್ದು ಇನ್ನೊಂದಿದೆ: ಈ ಪಾಲಿಸಿ ಯಾವ ಖರ್ಚನ್ನು ಹೊರುತ್ತದೆ, ಯಾವುದನ್ನು ನಮ್ಮ ತಲೆಗೇ ಬಿಡುತ್ತದೆ? ವಯಸ್ಸಾದವರ ಸ್ಥಿತಿಗತಿ ಕುರಿತ 2017–18ರ ರಾಷ್ಟ್ರೀಯ ‘ಲಾಸಿ’ ಸಮೀಕ್ಷೆಯ ಪ್ರಕಾರ ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು ಶೇ 75ರಷ್ಟು ಮಂದಿಗೆ ಒಂದಾದರೂ ದೀರ್ಘಕಾಲದ ಕಾಯಿಲೆ ಇದೆ. ಆರೋಗ್ಯ ವಿಮೆ ಇರುವವರು ಶೇ 18ರಷ್ಟು ಮಾತ್ರ. ಆದರೆ ವಿಮೆ ಮಾಡಿಸಿದವರಿಗೂ ಶುಗರ್, ಬಿ.ಪಿ. ಮಾತ್ರೆಗಳ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ. ಮಾರುಕಟ್ಟೆಯ ಪಾಲಿಸಿ ಎಚ್ಚರಗೊಳ್ಳುವುದು ರೋಗಿ ಆಸ್ಪತ್ರೆಯ ಹಾಸಿಗೆ ಹಿಡಿದಾಗ. ಆಸ್ಪತ್ರೆಗೆ ಸೇರುವ ಮುಂಚಿನ ಮತ್ತು ಮನೆಗೆ ಬಂದ ನಂತರದ ಕೆಲವು ವಾರಗಳ ಔಷಧದ ಬಿಲ್ಲು ಪಾವತಿಸಿ ಅದು ಮತ್ತೆ ಸುಮ್ಮನಾಗುತ್ತದೆ.

ಇದು ಕಂಪನಿಗಳ ಜಿಪುಣತನ ಎಂದು ಬೈದು ಪ್ರಯೋಜನವಿಲ್ಲ. ವಿಮೆಯ ಲೆಕ್ಕವೇ ಹಾಗಿದೆ. ಯಾರಿಗೆ, ಯಾವಾಗ ಬರುತ್ತದೋ ತಿಳಿಯದ ನಷ್ಟವನ್ನು ಹಲವರು ಹಂಚಿಕೊಳ್ಳುವುದು ವಿಮೆ. ಪ್ರತಿ ತಿಂಗಳೂ ಖಂಡಿತ ಬರುವ ಖರ್ಚಿಗೆ, ಆ ಖರ್ಚು ಇರುವವರೇ ಸೇರಿಕೊಂಡು ವಿಮೆ ಮಾಡಿಸಿದರೆ ಅದು ಮುಂಗಡ ಪಾವತಿಯಷ್ಟೇ ಆದೀತು. ಅಮೆರಿಕದಲ್ಲಿ ಹಿರಿಯರಿಗಾಗಿ 2006ರಲ್ಲಿ ಆರಂಭವಾದ ‘ಮೆಡಿಕೇರ್ ಪಾರ್ಟ್ ಡಿ’ ಔಷಧ ವಿಮೆ ನಡೆಯುತ್ತಿರುವುದು ಸರ್ಕಾರ ದೊಡ್ಡ ಪಾಲು ಹಣ ಕೊಡುವುದರಿಂದ. ಜೊತೆಗೆ, ಬೇರೆ ಔಷಧ ವಿಮೆಯೂ ಇಲ್ಲದೆ ತಡವಾಗಿ ಸೇರಿದವರು ಮುಂದೆ ಕಂತಿನ ಜೊತೆ ದಂಡ ಕಟ್ಟಬೇಕು. ಆರೋಗ್ಯವಂತರೂ ಮೊದಲೇ ಸೇರಲಿ ಎಂಬುದೇ ಆ ದಂಡದ ಉದ್ದೇಶ. ನಮ್ಮಲ್ಲಿ ಕಾರ್ಮಿಕರಿಗಿರುವ ಇಎಸ್‌ಐ, ಕೇಂದ್ರ ಸರ್ಕಾರಿ ನೌಕರರಿಗಿರುವ ಸಿಜಿಎಚ್‌ಎಸ್‌ಗಳು ಮಾತ್ರೆಯನ್ನೂ ಕೊಡಬಲ್ಲವಾದರೆ ಅದಕ್ಕೂ ಕಾರಣ ಇದೇ: ಅಲ್ಲಿ ಕಿರಿಯರ ವಂತಿಗೆಯೂ ಇದೆ, ಸಂಸ್ಥೆಯ ಅಥವಾ ಸರ್ಕಾರದ ಹಣವೂ ಇದೆ.

ಆದ್ದರಿಂದ ನಿವೃತ್ತರು ಆಸ್ಪತ್ರೆ ಖರ್ಚನ್ನೂ ಮಾತ್ರೆ ಖರ್ಚನ್ನೂ ಬೇರೆ ಬೇರೆ ಇಟ್ಟು ಯೋಚಿಸುವುದು ಒಳ್ಳೆಯದು. ಹೊಸ ಪಾಲಿಸಿಗೆ ಮುನ್ನ ಇರುವ ಹಕ್ಕುಗಳನ್ನು ಹುಡುಕಿಕೊಳ್ಳಬೇಕು. ಕನಿಷ್ಠ ಐದು ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿ ದುಡಿದು ವಯೋನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ ಸಂಗಾತಿಗೂ ಔಷಧ ಸಹಿತ ಚಿಕಿತ್ಸೆ ಸಿಗುತ್ತದೆ. ಕೈಗಾರಿಕೆಗಳ ಮೈಸೂರಿನಲ್ಲಿ ಇದು ಪ್ರತಿ ಕಾರ್ಮಿಕನ ಮನೆಗೂ ತಿಳಿದಿರಬೇಕಾದ ಸಂಗತಿ. 70 ತುಂಬಿದವರಿಗೆ ಆದಾಯ ನೋಡದೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ನೀಡುವ ‘ಆಯುಷ್ಮಾನ್ ಭಾರತ್’ ಯೋಜನೆಯ ವಿಸ್ತರಣೆಗೆ 2024ರ ಅಕ್ಟೋಬರ್ 29ರಂದು ಚಾಲನೆ ಸಿಕ್ಕಿತು. ‘ಇದಿದ್ದ ಮೇಲೆ ಪ್ರೀಮಿಯಂ ಏಕೆ ಕಟ್ಟಬೇಕು?’ ಎಂದು ಕೇಳುವವರಿದ್ದಾರೆ. ಆದರೆ ಆಯುಷ್ಮಾನ್ ಕಾರ್ಡ್ ನಡೆಯುವುದು ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ, ನಿಗದಿತ ಚಿಕಿತ್ಸೆಗಳಿಗೆ ಮಾತ್ರ. 60ರಿಂದ 70ರ ನಡುವಿನವರಿಗೆ ಈ ವಿಸ್ತರಣೆ ಅನ್ವಯಿಸುವುದೂ ಇಲ್ಲ. ಹಾಗಾಗಿ ಮೂಲ ಪಾಲಿಸಿ ಅಥವಾ ಒಂದಿಷ್ಟು ಉಳಿತಾಯ ಇರುವವರಿಗೆ ಅದರ ಮೇಲೆ, ಗೊತ್ತುಪಡಿಸಿದ ಮಿತಿ ದಾಟಿದ ಖರ್ಚನ್ನು ಹೊರುವ ‘ಸೂಪರ್ ಟಾಪ್ ಅಪ್’ ಪಾಲಿಸಿ ಲೇಸು. ಬರಿಯ ಟಾಪ್ ಅಪ್ ಪ್ರತಿ ಸಲದ ಬಿಲ್ಲನ್ನೂ ಬಿಡಿಬಿಡಿಯಾಗಿ ಮಿತಿಗೆ ಹೋಲಿಸುತ್ತದೆ. ಸೂಪರ್ ಟಾಪ್ ಅಪ್ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡುತ್ತದೆ. ಪದೇ ಪದೇ ಆಸ್ಪತ್ರೆ ಸೇರಬೇಕಾಗುವ ವಯಸ್ಸಿನಲ್ಲಿ ಈ ವ್ಯತ್ಯಾಸ ದೊಡ್ಡದು.

‘ಈ ವಯಸ್ಸಿನಲ್ಲಿ ಯಾರು ಪಾಲಿಸಿ ಕೊಡುತ್ತಾರೆ?’ ಎಂಬ ಹಿಂಜರಿಕೆಗೆ ಈಗ ಕಾರಣ ಕಡಿಮೆ. 2024ರಲ್ಲಿ ಜಾರಿಗೆ ಬಂದ ವಿಮಾ ಪ್ರಾಧಿಕಾರದ ನಿಯಮಗಳು 65ರ ವಯೋಮಿತಿಯ ಕಟ್ಟಳೆಯನ್ನು ಕೈಬಿಟ್ಟವು; ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸಿದವು. 2025ರ ಜನವರಿಯಿಂದ, ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಲು ಕಂಪನಿಗಳು ಪ್ರಾಧಿಕಾರದೊಡನೆ ಸಮಾಲೋಚಿಸಬೇಕು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಆದರೂ ಕೊಠಡಿ ಬಾಡಿಗೆಯ ಮಿತಿ, ಬಿಲ್ಲಿನಲ್ಲಿ ನಾವೇ ಕಟ್ಟಬೇಕಾದ ಪಾಲು (ಕೋ-ಪೇ), ಕಣ್ಣಿನ ಪೊರೆಯಂಥ ಶಸ್ತ್ರಚಿಕಿತ್ಸೆಗಳ ಒಳಮಿತಿಗಳನ್ನು ಓದದೆ ಸಹಿ ಹಾಕಬಾರದು. ಬಾಡಿಗೆಯ ಮಿತಿ ಮೀರಿದ ಕೊಠಡಿ ಹಿಡಿದರೆ ಬಿಲ್ಲಿನ ಬೇರೆ ಬಾಬತ್ತುಗಳಲ್ಲೂ ಅದೇ ಅನುಪಾತದಲ್ಲಿ ಕಡಿತವಾಗಬಹುದು.

ಇಷ್ಟೆಲ್ಲ ಆದರೂ ಮಾತ್ರೆಯ ಖರ್ಚು ಉಳಿದೇ ಇರುತ್ತದೆ. ಅದನ್ನು ತಗ್ಗಿಸುವ ಹತ್ತಿರದ ದಾರಿ ಜನೌಷಧಿ ಕೇಂದ್ರ. ಅಲ್ಲಿ ಜೆನೆರಿಕ್ ಔಷಧಗಳು ಬ್ರ್ಯಾಂಡೆಡ್ ಔಷಧಗಳಿಗಿಂತ ಸುಮಾರು ಶೇ 50ರಿಂದ 80ರಷ್ಟು ಅಗ್ಗ. ಗುಣಮಟ್ಟದ ಅನುಮಾನ ಸಹಜ. ಆದರೆ ಈ ಯೋಜನೆಯಲ್ಲಿ ಪ್ರತಿ ಬ್ಯಾಚ್ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿಯೇ ಅಂಗಡಿಗೆ ಬರಬೇಕೆಂಬ ನಿಯಮವಿದೆ. ವೈದ್ಯರನ್ನು ಕೇಳಿ ಬದಲಿಸಿಕೊಂಡರೆ ಅಳುಕಬೇಕಿಲ್ಲ. ಹಾಗೆಂದು ಹೊಣೆಯನ್ನೆಲ್ಲ ವೃದ್ಧರ ಜಾಣ್ಮೆಗೆ ಬಿಡುವುದು ನ್ಯಾಯವಲ್ಲ. ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತ 2014ರಲ್ಲಿ 1,000 ರೂಪಾಯಿಗೆ ನಿಗದಿಯಾಯಿತು. ಅಷ್ಟರಲ್ಲೇ ಬದುಕುವವರಿಗೆ ಅಗ್ಗದ ಮಾತ್ರೆಯೂ ದುಬಾರಿಯೇ. ಮನೆ ಬಾಗಿಲಿಗೆ ತಪಾಸಣೆ, ಬಿ.ಪಿ., ಶುಗರ್‌ಗೆ ಉಚಿತ ಮಾತ್ರೆ ಎಂದು 2024ರಲ್ಲಿ ಕೋಲಾರದಿಂದ ಆರಂಭವಾದ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯ ತತ್ವ ಸರಿಯಾಗಿದೆ. ಮೈಸೂರಿನ ವಾರ್ಡುಗಳಲ್ಲೂ ಹಿರಿಯರಿಗೆ ತಿಂಗಳು ತಪ್ಪದೆ ಮಾತ್ರೆ ಸಿಗುವಂತಾಗಬೇಕು. ಬೊಕ್ಕಸಕ್ಕೆ ಹೊರೆ ಎಂಬ ಆಕ್ಷೇಪಕ್ಕೆ ಉತ್ತರ ಸರಳ: ಬಿ.ಪಿ. ಮಾತ್ರೆ ಬಿಟ್ಟವರಿಗೆ ಪಾರ್ಶ್ವವಾಯು ಬಡಿದರೆ ಲಕ್ಷಗಳ ಬಿಲ್ಲು ಬರುವುದು ಅದೇ ಸರ್ಕಾರದ ವಿಮೆಯ ಮೇಲೆ. ಹಾಸಿಗೆಗೆ 5 ಲಕ್ಷ ತೆಗೆದಿಡುವ ವ್ಯವಸ್ಥೆ, ಆ ಹಾಸಿಗೆಯಿಂದ ದೂರವಿಡುವ ಮಾತ್ರೆಗೂ ದುಡ್ಡು ಎತ್ತಿಡಲಿ.