ಓದಲಿಕ್ಕಾಗದ ಕ್ಯೂಆರ್ ಕೋಡ್ ಯಾಕೆ ಬೇಕು?



ನಮ್ಮ ಗೋಡೆ ಪತ್ರಿಕೆಗೂ ಒಂದು ಕ್ಯೂಆರ್ ಕೋಡ್ ಹಾಕೋಣ ಎಂಬ ಮಾತು ತರಗತಿಯಲ್ಲಿ ಎದ್ದಿದೆ. ಹಾಕೋಣ, ನಾನು ಬೇಡ ಅನ್ನಲ್ಲ. ಆದರೆ ಅದು ಎಲ್ಲರ ಫೋನಿನಲ್ಲೂ ಓದುವ ಹಾಗಿರಬೇಕು. ಫೋನ್ ಇಲ್ಲದವರಿಗೂ ವಿಷಯ ತಿಳಿಯಬೇಕು. ಇವೆರಡೂ ಆಗದಿದ್ದರೆ ಹಾಕುವುದೇ ಬೇಡ. ಇದು ನನ್ನ ಅಭಿಪ್ರಾಯ.

ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನ್ ದೇಶದ ಡೆನ್ಸೋ ಕಂಪನಿಯ ಮಸಾಹಿರೊ ಹಾರಾ ಎಂಬ ಇಂಜಿನಿಯರ್ ಮತ್ತು ಅವರ ಜೊತೆಗಾರರು ಕಂಡುಹಿಡಿದರು. ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು ಅದು. ಯಾರು ಬೇಕಾದರೂ ಬಳಸಲಿ ಎಂದು ಕಂಪನಿಯವರು ಬಿಟ್ಟುಕೊಟ್ಟರು. ನಮ್ಮ ದೇಶದಲ್ಲಿ 2016ರಲ್ಲಿ ಯುಪಿಐ ಶುರುವಾದ ಮೇಲೆ ಎಳನೀರು ಗಾಡಿಗೂ ಅದು ಬಂತು.

ಇದರ ಒಳಗೆ ಏನಿದೆ? ಚೌಕಾಬಾರದ ಮನೆಗಳ ಹಾಗೆ ಕಪ್ಪು ಬಿಳಿ ಮನೆಗಳಿವೆ. ಅತಿ ಚಿಕ್ಕ ಕೋಡಿನಲ್ಲಿ ಸಾಲಿಗೆ 21 ಮನೆ, ಅತಿ ದೊಡ್ಡದರಲ್ಲಿ 177 ಮನೆ. ಮೂರು ಮೂಲೆಯ ದೊಡ್ಡ ಚೌಕ ನೋಡಿ ಫೋನು ಇದು ಕೋಡ್ ಅಂತ ಗುರುತು ಹಿಡಿಯುತ್ತದೆ. ಸುತ್ತಲೂ ನಾಲ್ಕು ಮನೆಯಷ್ಟು ಜಾಗ ಖಾಲಿ ಬಿಡಬೇಕು. ಹೊಲಕ್ಕೆ ಬದು ಇದ್ದ ಹಾಗೆ ಅದು. ನಾವಾದರೆ ಆ ಜಾಗಕ್ಕೇ ಹೂವು ಬಳ್ಳಿ ಬಿಡಿಸಿಬಿಡ್ತೀವಿ! ಆಗ ಫೋನಿಗೆ ಕೋಡ್ ಎಲ್ಲಿ ಶುರುವಾಗುತ್ತೆ ಅಂತಾನೇ ಗೊತ್ತಾಗಲ್ಲ.

ಇನ್ನೊಂದು ವಿಷಯ ನನಗೆ ಬಹಳ ಸೋಜಿಗ ಅನ್ನಿಸಿತು. ಇಂಗ್ಲಿಷಿನಲ್ಲಿ ನಮ್ಮೂರ ಹೆಸರು 21 ಮನೆಯ ಕೋಡಿನಲ್ಲಿ ಸಲೀಸಾಗಿ ಹಿಡಿಯುತ್ತದೆ. ಕನ್ನಡದಲ್ಲಿ ಹಿಡಿಯಲ್ಲ. ಕಂಪ್ಯೂಟರಿಗೆ ಕ, ಉಕಾರದ ಗುರುತು, ದ, ಏಕಾರದ ಗುರುತು ಎಲ್ಲ ಬೇರೆ ಬೇರೆ. ಒಂದೊಂದಕ್ಕೆ 3 ಬೈಟ್ ಬೇಕು. ‘ಕುದೇರು’ ಅಂದರೆ ಅಂಥವು ಆರು, ಒಟ್ಟು 18 ಬೈಟ್. ಆ ಚಿಕ್ಕ ಕೋಡಿನಲ್ಲಿ ಹಿಡಿಯುವುದು ಹೆಚ್ಚೆಂದರೆ 17! ಅದಕ್ಕೇ 25 ಮನೆಯ ಕೋಡ್ ಬೇಕು. ಹಾಗಂತ ಕನ್ನಡ ಬಿಡಬಾರದು. ಸ್ವಲ್ಪ ದೊಡ್ಡದಾಗಿ ಹಾಕಿದರೆ ಆಯ್ತು.

ದೊಡ್ಡದು ಅಂದರೆ ಎಷ್ಟು? ನಿಂತು ನೋಡುವ ದೂರದ ಹತ್ತನೇ ಒಂದು ಭಾಗ ಇರಬೇಕು ಅಂತ ಒಂದು ಲೆಕ್ಕವಿದೆ. ಒಂದು ಮೀಟರ್ ದೂರದಿಂದ ನೋಡುವುದಾದರೆ 10 ಸೆಂಟಿಮೀಟರ್ ಅಗಲ ಬೇಕು. ಕೆಲವರು ನೋಟೀಸಿನ ಮೂಲೆಯಲ್ಲಿ ಹುಣಿಸೆ ಬೀಜದಷ್ಟು ಕೋಡ್ ಹಾಕಿರ್ತಾರೆ. ಅದರ ಮೇಲೆ ಮಿಂಚುವ ಪ್ಲಾಸ್ಟಿಕ್ ಬೇರೆ. ಬಿಸಿಲಿಗೆ ಪಳಪಳ ಅಂತದೆ, ಓದಕ್ಕೆ ಮಾತ್ರ ಆಗಲ್ಲ.

ಕೋಡ್ ಮಾಡುವಾಗ ತಪ್ಪು ತಿದ್ದುವ ಮಟ್ಟ ಅಂತ ನಾಲ್ಕಿವೆ. ಕಡಿಮೆ ಮಟ್ಟದ್ದು ಸುಮಾರು ನೂರಕ್ಕೆ 7 ಭಾಗ ಹಾಳಾದರೆ ತಡೆಯುತ್ತದೆ, ಹೆಚ್ಚಿನದು 30 ಭಾಗ. ಗೋಡೆ ಮೇಲೆ ಮಳೆ ಧೂಳು ಬೀಳುವುದರಿಂದ ನಮಗೆ ಹೆಚ್ಚಿನದೇ ಸರಿ. ಆದರೂ ಮೂಲೆಯ ದೊಡ್ಡ ಚೌಕ ಹರಿದರೆ ಅದೂ ಕೆಲಸಕ್ಕೆ ಬರೋದು ಕಷ್ಟ.

ಫೋನಿನಲ್ಲಿ ಕಳಿಸುವ ಕೋಡಿಗೂ ಇದೇ ಮಾತು. ಬಿಳಿ ಹಿನ್ನೆಲೆ, ಕಪ್ಪು ಮನೆ ಇರಲಿ. ಬಣ್ಣ ತಿರುಗಿಸಿದರೆ ಕೆಲವು ಫೋನು ಓದಲ್ಲ. ಚಿತ್ರವನ್ನು ಎಳೆದು ಸೊಟ್ಟ ಮಾಡಬಾರದು. ಕೆಲವು ಕೋಡುಗಳು ಮೊದಲು ಬೇರೆ ಯಾರದೋ ವಿಳಾಸಕ್ಕೆ ಹೋಗಿ ಆಮೇಲೆ ನಮ್ಮದಕ್ಕೆ ಬರುತ್ತವೆ. ಅವರು ನಿಲ್ಲಿಸಿದ ದಿನ ನಮ್ಮ ಕೋಡೂ ನಿಂತಂತೆ. ಆದ್ದರಿಂದ ನೇರ ವಿಳಾಸ ಹಾಕಬೇಕು. ಚಿಕ್ಕ ವಿಷಯವಾದರೆ ಕೋಡಿನ ಒಳಗೇ ಬರೆಯಬಹುದು, ನೆಟ್‌ವರ್ಕ್ ಸಿಗದಿದ್ದರೂ ಓದಬಹುದು.

“ಕೋಡ್ ಇದ್ದ ಮೇಲೆ ಕೈಯಲ್ಲಿ ಬರೆಯೋದು ಯಾಕೆ?” ಅಂತ ಕೆಲವು ಗೆಳೆಯರು ಕೇಳ್ತಾರೆ. ಎಷ್ಟೋ ಮನೇಲಿ ಒಂದೇ ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗಿರ್ತದೆ. ಅಜ್ಜಿ ತಾತಂದಿರ ಹತ್ರ ಇರೋದು ಬಟನ್ ಫೋನು. ಅವರೆಲ್ಲ ನಮ್ಮ ಪತ್ರಿಕೆ ಓದುವುದು ಬೇಡವಾ? ನಮ್ಮ ಪಠ್ಯಪುಸ್ತಕ ತೆಗೆದು ನೋಡಿ. ದೀಕ್ಷಾ ಕೋಡಿನ ಕೆಳಗೆ ಆರು ಅಕ್ಷರ ಮತ್ತು ಅಂಕಿಗಳ ಒಂದು ಗುರುತು ಇರುತ್ತದೆ. ಸ್ಕ್ಯಾನ್ ಆಗದಿದ್ದರೆ ಅದನ್ನು ಟೈಪ್ ಮಾಡಿ ಪಾಠ ತೆಗೆಯಬಹುದು. ಒಂದು ದಾರಿ ಮುಚ್ಚಿದರೆ ಇನ್ನೊಂದು ಇರಲಿ ಅಂತ ಹಾಗೆ ಮಾಡಿದ್ದಾರೆ. ನಾವೂ ಹಾಗೇ ಮಾಡೋಣ.

ಕೊನೆಗೆ ನನ್ನ ಸಲಹೆ ಇಷ್ಟು. ಕೋಡನ್ನು 10 ಸೆಂಟಿಮೀಟರ್ ಅಗಲ ಮಾಡಿ, ಹೊಳೆಯದ ಕಾಗದದಲ್ಲಿ ಹಾಕಬೇಕು. ಅಂಟಿಸುವ ಮೊದಲು ಮೂರು ಫೋನಿನಲ್ಲಿ ನೋಡಬೇಕು, ಅದರಲ್ಲಿ ಒಂದು ಹಳೇದಿರಬೇಕು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನದ ಬಿಸಿಲಲ್ಲಿ ಒಂದು ಸಲ ನೋಡಬೇಕು. ಕೆಳಗೆ ಅದರಲ್ಲಿ ಏನಿದೆ ಅಂತ ದುಂಡಾದ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಬೇಕು. ಬರೆಯುವ ಕೆಲಸ ನಾನು ಮಾಡ್ತೀನಿ. ಫೋನು ತರುವವರು ಗುರುಗಳ ಅಪ್ಪಣೆ ಕೇಳಿ ಹೆಸರು ಕೊಡಿ. ಬೇರೆ ಅಭಿಪ್ರಾಯ ಇದ್ದವರು ಮುಂದಿನ ಸಂಚಿಕೆಗೆ ಬರೆಯಿರಿ.



— ಏಳನೇ ತರಗತಿ ವಿದ್ಯಾರ್ಥಿನಿ, ಕುದೇರು